ಸೇತುವೆ ಏಳದ ಬೆಳಿಗ್ಗೆ

ಆ ಕಿಟಕಿಯನ್ನು ಒಳಗಿನಿಂದ ಎಷ್ಟೋ ಸಲ ನೋಡಿದ್ದ ಎಮ್ನಾಳಿಗೆ ಹೊರಗಿನಿಂದ ಅದು ಇಷ್ಟು ಚಿಕ್ಕದು ಎಂದು ಗೊತ್ತೇ ಇರಲಿಲ್ಲ. ಚಿಕ್ಕವಳಿದ್ದಾಗ, ಅಮ್ಮ ಕೆಲಸಕ್ಕೆ ಹೋದ ದಿನಗಳಲ್ಲಿ, ಶಾಲೆಯ ಕಚೇರಿಯಲ್ಲಿ ಅಪ್ಪನ ಮೇಜಿನ ಕೆಳಗೆ ಕೂತು ಬಣ್ಣ ಹಚ್ಚುತ್ತಿದ್ದವಳಿಗೆ ಕಿಟಕಿಯೆಂದರೆ ಮುಖಗಳು ಬಂದು ಹೋಗುವ ಒಂದು ದೊಡ್ಡ ಚೌಕಟ್ಟು. ಮುಖಗಳು ಬಗ್ಗುತ್ತಿದ್ದವು, ಏನೋ ಹೇಳುತ್ತಿದ್ದವು, ಅಪ್ಪ ಗುಲಾಬಿ ಚೀಟಿಯ ಮೇಲೆ ಬರೆದು ಮೊಹರು ಒತ್ತುತ್ತಿದ್ದ, ಮುಖಗಳು ಮಾಯವಾಗುತ್ತಿದ್ದವು. ಈಗ ಸಾಲಿನಲ್ಲಿ ನಿಂತು ನೋಡಿದರೆ ಮೂಗು ತೂರಿಸುವಷ್ಟೇ ತೂತು, ಅದಕ್ಕೂ ಸರಳು. ತಡವಾಗಿ ಬಂದವರು ಆ ಸರಳಿಗೆ ಬಾಯಿ ಹಚ್ಚಿ ಕಾರಣ ಹೇಳಬೇಕು. ಚೀಟಿಯಿಲ್ಲದೆ ಶಾಲೆಯ ಯಾವ ಮೇಷ್ಟರೂ ಯಾರನ್ನೂ ತರಗತಿಗೆ ಸೇರಿಸುವುದಿಲ್ಲ. ಗೋಡೆಯ ಗಡಿಯಾರದಲ್ಲಿ ಎಂಟೂ ನಲವತ್ತೈದು. ಹದಿನೇಳು ವರ್ಷದಲ್ಲಿ ಅವಳು ಈ ಸಾಲಿನಲ್ಲಿ ನಿಂತದ್ದು ಇದೇ ಮೊದಲು. ಮುಂದೆ ಐದು ಜನ. ಮೂರನೆಯವನು ವಜ್ದಿ.

ವಜ್ದಿಯ ಕತ್ತಿನ ಹಿಂಭಾಗ ಕಾಣುತ್ತಿತ್ತು. ಕೂದಲು ಕಡಲಗಾಳಿಗೆ ಒದ್ದೆಯಾಗಿ ಕತ್ತಿಗೆ ಅಂಟಿಕೊಂಡಿತ್ತು. ಹೆಗಲ ಮೇಲಿನ ಚೀಲ ಯಾವಾಗಲೂ ಖಾಲಿ, ಆದರೂ ಆ ಹೆಗಲು ಇನ್ನೊಂದಕ್ಕಿಂತ ಒಂದು ಬೆರಳು ಕೆಳಗೆ. ಹತ್ತು ನಿಮಿಷದ ಹಿಂದೆ, ತಂಬಾಕಿನ ಅಂಗಡಿಯ ಮೂಲೆಯಲ್ಲಿ, ಅವನು ‘ನಾನು ಮುಂದೆ ಹೋಗ್ತೀನಿ, ನೀನು ಸ್ವಲ್ಪ ಬಿಟ್ಟು ಬಾ’ ಅಂದಿದ್ದ. ಅವಳು ತಲೆಯಾಡಿಸಿದ್ದಳು. ಆ ತಲೆಯಾಡಿಸಿದ್ದೇ ಈಗ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು. ಎಷ್ಟು ಬೇಗ ತಲೆಯಾಡಿಸಿದೆ! ಅವನು ಮಾತು ಮುಗಿಸುವ ಮೊದಲೇ. ಕಳ್ಳಿ ಕೂಡ ಒಂದು ಕ್ಷಣ ಯೋಚಿಸುತ್ತಾಳೆ.

“ಓಹೋ, ಕಿವಿ ಬಂದಿದೆ ಸಾಲಿಗೆ,” ಅಂತ ಹಿಂದಿನಿಂದ ಖುಲೂದ್ ಪಕ್ಕದವಳಿಗೆ ಹೇಳಿದ್ದು ಕೇಳಿಸಿತು. ಕೇಳಿಸಲಿ ಅಂತಲೇ ಹೇಳಿದ್ದು. ಸಿ ಮೊಂಜಿಯ ಕಿವಿ. ಶಾಲೆಯ ಮುಖ್ಯ ಮೇಲ್ವಿಚಾರಕನಾದ ಅಪ್ಪನನ್ನು ಎಲ್ಲರೂ ಗೌರವದಿಂದ ಸಿ ಮೊಂಜಿ ಅನ್ನುತ್ತಿದ್ದರು, ಮಗಳನ್ನು ಅವನ ಕಿವಿ. ಎಂಟನೇ ಕ್ಲಾಸಿನಲ್ಲಿ ಒಂದು ಸಂಜೆ ಮನೆಯಲ್ಲಿ ಸೂಪು ಕುಡಿಯುತ್ತಾ ಎಮ್ನಾ ಅಪ್ಪನಿಗೆ, ಶಾಲೆಯ ಹಿಂದಿನ ಗೋಡೆ ಹಾರಿ ಹೋಗುವಾಗ ಖುಲೂದಳ ಚಪ್ಪಲಿ ಬೇಲಿಯಲ್ಲಿ ಸಿಕ್ಕಿಹಾಕಿಕೊಂಡ ಕತೆಯನ್ನು ನಗುನಗುತ್ತಾ ಹೇಳಿದ್ದಳು. ಅವಳಿಗದು ಚಪ್ಪಲಿಯ ಕತೆ. ಅಪ್ಪನಿಗೆ ಗೋಡೆಯ ಕತೆ. ಮೂರು ದಿನ ಖುಲೂದಳನ್ನು ಹೊರಗೆ ಹಾಕಿದರು. ಅಂದಿನಿಂದ ಎಮ್ನಾ ಹತ್ತಿರ ಬಂದರೆ ಹುಡುಗಿಯರ ಮಾತು ಹವಾಮಾನಕ್ಕೆ ತಿರುಗುತ್ತಿತ್ತು. ಬಿಜರ್ತ್ ಎಂಬ ಈ ಕಡಲೂರಿನಲ್ಲಿ ಹವಾಮಾನದ ಬಗ್ಗೆ ಅವಳಷ್ಟು ಕೇಳಿಸಿಕೊಂಡವರು ಬಂದರಿನ ಕಚೇರಿಯಲ್ಲೂ ಇರಲಾರರು. ಅವಳು ಲೆಕ್ಕದ ಹಿಂದೆ ಬಿದ್ದಳು. ಲೆಕ್ಕ ಯಾರ ಬಗ್ಗೆಯೂ ಯಾರಿಗೂ ಹೇಳುವುದಿಲ್ಲ. ಗಣಿತ ವಿಭಾಗದಲ್ಲಿ ಮೊದಲನೆಯವಳಾದಳು. ಅದೂ ಅಪ್ಪನ ದೆಸೆಯಿಂದ ಅಂದರು.

ಮೊದಲಿನಿಬ್ಬರ ಚೀಟಿ ಮುಗಿಯಿತು. ವಜ್ದಿ ಕಿಟಕಿಗೆ ಬಗ್ಗಿದ.

ಅವನು ಏನು ಹೇಳುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಶಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವನ ಮನೆ ಕಾಲುವೆಯ ಆಚೆ, ಜರ್ಜೂನದಲ್ಲಿ. ಹಡಗು ಬಂದರೆ ಸೇತುವೆ ನಡುವೆ ಸೀಳಿ ಮೇಲಕ್ಕೇಳುತ್ತದೆ, ಆಚೆಯವರು ಆಚೆ, ಈಚೆಯವರು ಈಚೆ. ‘ಸೇತುವೆ ಎದ್ದಿತ್ತು’ ಎಂಬುದಕ್ಕೆ ಈ ಊರಿನಲ್ಲಿ ಸಾಕ್ಷಿ ಬೇಡ. ದಂತವೈದ್ಯರು ಹೇಳುತ್ತಾರೆ, ಮದುಮಗ ಹೇಳುತ್ತಾನೆ, ಸಾಲದವನಿಗೆ ಸಿಗದ ಮೀನುಗಾರ ಹೇಳುತ್ತಾನೆ. ವಜ್ದಿ ಅದನ್ನು ಎದ್ದ ದಿನವೂ ಹೇಳಿದ್ದ, ಏಳದ ದಿನವೂ ಹೇಳಿದ್ದ. ಹೋದ ಗುರುವಾರ ಅಪ್ಪ ಊಟದ ಮೇಜಿನ ಮೇಲೆ ಕಾಗದಗಳನ್ನು ಹರಡಿಕೊಂಡಿದ್ದಾಗ, ಆಲಿವ್ ತಟ್ಟೆಯ ಪಕ್ಕ, ಅಪ್ಪನ ಅಕ್ಷರದಲ್ಲಿ ಅವನ ಹೆಸರು ಕಂಡಿತ್ತು: ಇನ್ನೊಂದು ಸುಳ್ಳು ಕಾರಣ ಕೊಟ್ಟರೆ ಶಿಸ್ತು ಮಂಡಳಿ, ಹದಿನೈದು ದಿನ ಹೊರಗೆ. ಮುಂದಿನ ವಾರವೇ ಬಕಲೋರಿಯಾದ, ಅಂದರೆ ಶಾಲೆ ಮುಗಿಸುವ ಕೊನೆಯ ಪರೀಕ್ಷೆಯ, ಕ್ರೀಡಾ ಭಾಗ. ಕೊನೆಯ ವರ್ಷವನ್ನು ಎರಡನೇ ಸಲ ಓದುತ್ತಿರುವ ವಜ್ದಿಗೆ ಖಾತ್ರಿ ಅಂಕ ಸಿಗುವುದು ಅದೊಂದರಲ್ಲೇ. ಅವನು ಓಡಿದರೆ ಗಾಳಿಯೇ ಅವನ ಹಿಂದೆ ಬಿದ್ದು ಓಡಿದ ಹಾಗೆ ಕಾಣುತ್ತಿತ್ತು. ಇಷ್ಟು ಚೆನ್ನಾಗಿ ಓಡುವವನು ಯಾಕೆ ಯಾವತ್ತೂ ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎನ್ನುವುದು ಅಪ್ಪನ ದೊಡ್ಡ ಪ್ರಶ್ನೆ.

ಅವನನ್ನು ಅವಳು ಮೊದಲು ನೋಡಿದ್ದೂ ಸೇತುವೆಯ ಮೇಲೆಯೇ. ನೋಡಿದ್ದು ಎಂದರೆ, ಶಾಲೆಯಲ್ಲಿ ದಿನಾ ಕಣ್ಣಿಗೆ ಬೀಳುತ್ತಿದ್ದ ಒಂದು ಗದ್ದಲ ಮನುಷ್ಯನಾಗಿ ಕಂಡದ್ದು. ಅಕ್ಟೋಬರಿನಲ್ಲಿ ಜರ್ಜೂನದ ಅಜ್ಜಿಯ ಮನೆಯಿಂದ ಬಟ್ಟೆ ಕಟ್ಟಿದ ಪಾತ್ರೆ ಎತ್ತಿಕೊಂಡು ವಾಪಸು ಬರುತ್ತಿದ್ದಳು, ಸೇತುವೆ ಎದ್ದಿತು, ಎಲ್ಲರ ಹಾಗೆ ತಡೆಗಂಬದ ಹತ್ತಿರ ನಿಂತಳು. ಪಕ್ಕದಲ್ಲಿ ಕಂಬಿಗೆ ಒರಗಿದ್ದವನು ತಿರುಗದೆಯೇ “ಹೊಟ್ಟೆ ಖಾಲಿ. ಅದಕ್ಕೇ ಹೀಗೆ ಮೇಲೆ ಮೇಲೆ ಹೋಗ್ತಿದೆ” ಎಂದ. ತನಗೇ ಅಂದನೆಂದುಕೊಂಡು ಅವಳು ಕೆಂಪಾದಳು. ಅವನು ಹಡಗನ್ನು ತೋರಿಸಿದ. ನೀರಿನ ಮೇಲೆ ಎರಡಾಳು ಎತ್ತರ ಕೆಂಪು ಬಣ್ಣ ಕಾಣುತ್ತಿತ್ತು. “ಸರಕು ಇದ್ರೆ ಆ ಕೆಂಪು ಕಾಣ್ಬಾರ್ದು. ಇದು ಇಳಿಸಿ ಬಂದಿದೆ. ಮನೆಗೆ ಹೋಗ್ತಿದೆ. ನೋಡು ಎಷ್ಟು ಖುಷಿಯಲ್ಲಿದೆ.” ಹಡಗು ಖುಷಿಯಲ್ಲಿರುವುದನ್ನು ಅವಳು ಅಂದು ನೋಡಿದಳು. ಇಪ್ಪತ್ತು ನಿಮಿಷ. ಸೇತುವೆ ಎದ್ದಿರುವಷ್ಟು ಹೊತ್ತು ಊರಿನಲ್ಲಿ ಯಾರೂ ಯಾರಿಗೂ ಏನೂ ಅಲ್ಲ: ಟ್ಯಾಕ್ಸಿಯವನು, ವಕೀಲ, ಕೋಳಿ ಹಿಡಿದ ಮುದುಕಿ, ಎಲ್ಲ ಗಾಡಿಯಿಂದಿಳಿದು ಹರಟುತ್ತಾರೆ, ಸೇತುವೆ ಇಳಿದ ಕೂಡಲೇ ಬಾಗಿಲು ಹಾಕಿಕೊಂಡು ಅಪರಿಚಿತರಾಗಿಬಿಡುತ್ತಾರೆ. ಅವರಿಬ್ಬರೂ ಹಾಗೆಯೇ ಮಾಡಿದರು. ಚಳಿಗಾಲವೆಲ್ಲ ಹಾಗೆಯೇ ಮಾಡಿದರು. ಅಜ್ಜಿಗೆ ಇದ್ದಕ್ಕಿದ್ದಂತೆ ಮೊಮ್ಮಗಳ ಮೇಲೆ, ಮೊಮ್ಮಗಳಿಗೆ ಅಜ್ಜಿಯ ಮೇಲೆ ಪ್ರೀತಿ ಹೆಚ್ಚಿತು. ಸೇತುವೆ ಎದ್ದಾಗ ಮಾತು, ಇಳಿದಾಗ ಮೌನ. ಯಾರೂ ಮಾಡದ ಕಾನೂನು, ಇಬ್ಬರೂ ಮುರಿಯಲಿಲ್ಲ.

ಒಂದು ಸಲ ಮಾತ್ರ ಶಾಲೆಯ ಪಡಸಾಲೆಯಲ್ಲಿ ಅವನು ಹುಬ್ಬು ಎತ್ತಿದ್ದ. ಬರೀ ಹುಬ್ಬು. ಅವಳು ತಟ್ಟನೆ ಸೂಚನಾ ಫಲಕದ ಕಡೆ ತಿರುಗಿ ಹುಡುಗಿಯರ ಹ್ಯಾಂಡ್‌ಬಾಲ್ ಫಲಿತಾಂಶವನ್ನು ಮೂರು ಸಲ ಓದಿದಳು. ಅವನು ಹಿಂದಿನಿಂದ ಹಾದುಹೋದ ಗಾಳಿ ಬೆನ್ನಿಗೆ ತಾಗಿತು. ಅವನ ಬಗ್ಗೆ ನಾಚಿಕೆಯಲ್ಲ, ಜನ ಏನಂದಾರು ಎಂದಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳಬೇಕಾಯಿತು ಎಂಬುದರಲ್ಲೇ ಉತ್ತರ ಇತ್ತು. ಮುಂದಿನ ಸಲ ಸೇತುವೆ ಎದ್ದಾಗ ಅವನು ಎಂದಿನಂತೆ ಕಂಬಿಗೆ ಒರಗಿ, ನೀರು ನೋಡುತ್ತಾ, “ಹ್ಯಾಂಡ್‌ಬಾಲಲ್ಲಿ ಯಾರು ಗೆದ್ರು?” ಅಂದ. ಅಷ್ಟೇ. ಅವಳು ಮನೆಗೆ ಹೋಗಿ ದಿಂಬಿಗೆ ಮುಖ ಒತ್ತಿಕೊಂಡು ನಕ್ಕಳೋ ಅತ್ತಳೋ ಅವಳಿಗೇ ತಿಳಿಯಲಿಲ್ಲ. ದಿಂಬು ಒದ್ದೆಯಾಗಿತ್ತು, ಎರಡಕ್ಕೂ ಹಾಗೆಯೇ ಆಗುತ್ತದೆ.

“ಬಾರಪ್ಪ ಜರ್ಜೂನದ ದೊರೆ,” ಒಳಗಿನಿಂದ ಅಪ್ಪನ ದನಿ. “ಇವತ್ತೇನು?”

“ಸೇತುವೆ, ಸಿ ಮೊಂಜಿ.”

“ಏನಾಯ್ತು ಸೇತುವೆಗೆ?”

“ಎದ್ದಿತ್ತು.”

“ಎಷ್ಟೊತ್ತು?”

“ಅರ್ಧ ಗಂಟೆ. ಮುಕ್ಕಾಲು ಅಂತಾನೇ ಇಟ್ಕೊಳ್ಳಿ. ದೊಡ್ಡ ಹಡಗು. ಗೋಧಿದು.”

ಹಡಗು ಬರಬೇಕಿತ್ತು, ಅದು ನಿಜ. ನಿನ್ನೆ ಅವನೇ ಹೇಳಿದ್ದ: ಬೆಳಿಗ್ಗೆ ಏಳೂವರೆಗೆ, ಕಪ್ಪು ಸಮುದ್ರದಿಂದ, ಗೋಧಿ ಹೊತ್ತು ನೀರಿನಲ್ಲಿ ಕತ್ತಿನವರೆಗೂ ಮುಳುಗಿ ಬರುತ್ತದೆ, ಅಂಥದ್ದನ್ನು ನೀನು ನೋಡೇ ಇಲ್ಲ. ಅವಳು ಅಮ್ಮನಿಗೆ ಲೆಕ್ಕದ ವಿಶೇಷ ಪಾಠ ಎಂದು ಹೇಳಿ, ಹುಡುಗಿಯರಿಗೆ ಮಾತ್ರ ಕಡ್ಡಾಯವಾದ ನೀಲಿ ನಿಲುವಂಗಿಯನ್ನು ಚೀಲಕ್ಕೆ ತುರುಕಿ, ಹಸಿರು ಕೋಟು ಹಾಕಿಕೊಂಡು, ತನಗೆ ಯಾವ ಕೆಲಸವೂ ಇಲ್ಲದ ಆಚೆ ದಡಕ್ಕೆ ದಾಟಿ ಹೋದಳು. ಆಚೆ ಸಿಕ್ಕಿಹಾಕಿಕೊಳ್ಳುವುದಕ್ಕೆ. ಏಳೂವರೆಯಾಯಿತು. ಏಳೂ ಮುಕ್ಕಾಲಾಯಿತು. ಕಾಲುವೆಯಲ್ಲಿ ಒಂದು ಸೀಗಲ್ ಹಕ್ಕಿ ಬಿಟ್ಟರೆ ಏನೂ ಬರಲಿಲ್ಲ. ಸೇತುವೆ ಹಾಸಿದ ಚಾಪೆಯ ಹಾಗೆ ಬಿದ್ದಿತ್ತು. ಬಸ್ಸುಗಳು ದಾಟಿದವು, ಶಾಲೆಯ ಹುಡುಗರು ದಾಟಿದರು. ಅಲ್ಲಿ ನಿಲ್ಲಲು ಯಾವ ಕಾರಣವೂ ಉಳಿಯಲಿಲ್ಲ.

“ಏಳ್ಲಿಲ್ಲ,” ಅಂದ ವಜ್ದಿ.

“ಗೊತ್ತಾಗ್ತಿದೆ.”

“ಹಾಗಾದ್ರೆ ಹೋಗ್ಬೇಕು.”

“ಹೂಂ.”

ಇಬ್ಬರೂ ಕದಲಲಿಲ್ಲ. ಅವನು ಕಾಗದದಲ್ಲಿ ಸುತ್ತಿದ್ದ ಕರಿದ ಬನ್ನು ತೆಗೆದು ಎರಡು ಮಾಡಿದ. ಮೀನು, ಆಲಿವ್, ಮೇಲೆ ಹರೀಸಾ ಖಾರ. ದೊಡ್ಡ ತುಂಡು ಅವಳಿಗೆ ಕೊಟ್ಟ. ಅವಳು ಅದನ್ನು ಮತ್ತೆ ಮುರಿದು ಸಮ ಮಾಡಿದಳು. “ಏನೇ, ಇದನ್ನೂ ಲೆಕ್ಕ ಹಾಕ್ತೀಯಾ?” ಅಂದ. ಖಾರಕ್ಕೆ ಅವಳ ಕಣ್ಣಲ್ಲಿ ನೀರು ಬಂತು. ಅವನು ನಕ್ಕ. ಅವಳಿಗೆ ಏನೋ ಹೆದರಿಕೆ: ಸೇತುವೆ ಇಳಿದೇ ಇದೆ, ಆದರೂ ನಾವು ಮಾತಾಡುತ್ತಿದ್ದೇವೆ. ಇನ್ನು ಇದನ್ನು ನಿಲ್ಲಿಸುವುದಕ್ಕೆ ಯಾವ ಯಂತ್ರವೂ ಇಲ್ಲ. ಆ ಹೆದರಿಕೆ ಮೊದಲ ಸಲ ಆಳದ ನೀರಿಗೆ ಕಾಲು ಬಿಟ್ಟಾಗ ಆಗುವಂಥದ್ದು. ಕೂಗಬೇಕೆನಿಸುತ್ತದೆ, ಮೇಲೆ ಬರಬೇಕೆನಿಸುವುದಿಲ್ಲ. ಅವರು ಏನು ಮಾತಾಡಿದರು? ಅವನ ತಾಯಿ ಹೊಲಿಗೆಯಂತ್ರಕ್ಕೆ ಬೈಯುವ ರೀತಿ. ಸೊನ್ನೆಯಿಂದ ಯಾಕೆ ಭಾಗಿಸಬಾರದು. ನಾಯಿಗಳಿಗೆ ಸೋಮವಾರ ಗೊತ್ತಾಗುತ್ತದೋ ಇಲ್ಲವೋ. ಅವಳ ಗಡಿಯಾರ ಮಣಿಕಟ್ಟಿನ ಮೇಲೇ ಇತ್ತು. ಒಂದು ಸಲವೂ ನೋಡಲಿಲ್ಲ.

ಕಿಟಕಿಯ ಒಳಗೆ ಅಪ್ಪ ಪೆನ್ನಿನ ಮುಚ್ಚಳ ಹಾಕಿದ ಸದ್ದು ಕೇಳಿತು. ಆ ಸದ್ದು ಅವಳಿಗೆ ಗೊತ್ತು. ಅದಾದ ಮೇಲೆ ಒಳ್ಳೆಯ ಮಾತು ಯಾವತ್ತೂ ಬಂದದ್ದಿಲ್ಲ.

“ನಾನು ಇವತ್ತು ಏಳೂವರೆಗೆ ಜರ್ಜೂನದಲ್ಲೇ ಇದ್ದೆ ಕಣಪ್ಪ. ನಮ್ಮತ್ತೆ ಮನೆಗೆ ಗ್ಯಾಸ್ ಸಿಲಿಂಡರ್ ಹೊತ್ಕೊಂಡು ಹೋಗಿದ್ದೆ. ಎಂಟಕ್ಕೆ ಹತ್ತು ನಿಮಿಷ ಇದ್ದಾಗ ಸೇತುವೆ ದಾಟ್ದೆ. ನನ್ನ ಕಾರು ಹಡಗಿನ ಮೇಲೆ ಹತ್ತಿ ಬಂತೇನೋ, ಹಾಗಾದ್ರೆ?”

ಸಾಲು ನಗಲಿಲ್ಲ. ವಜ್ದಿ ಒಂದು ಕಾಲಿನ ಬೂಟನ್ನು ಇನ್ನೊಂದು ಕಾಲಿನ ಮೀನಖಂಡಕ್ಕೆ ಉಜ್ಜಿದ. ಹಿಂದೆ ತಿರುಗಲಿಲ್ಲ. ತಿರುಗಿದ್ದರೆ ಅವಳು ಅವನನ್ನು ಸ್ವಲ್ಪವಾದರೂ ದೂರಬಹುದಿತ್ತು. ಅವನು ಅಷ್ಟೂ ಅವಕಾಶ ಕೊಡಲಿಲ್ಲ.

“ಮಾತಾಡು.”

“ಏನಿಲ್ಲ, ಸಿ ಮೊಂಜಿ. ನಿಮ್ಗೆ ಗೊತ್ತಲ್ಲ.”

“ತಡ ಮಾಡೋದು ಬೇರೆ, ಸುಳ್ಳು ಹೇಳೋದು ಬೇರೆ ಅಂತ ಎಷ್ಟು ಸಲ ಹೇಳಿದ್ದೆ? ಗುರುವಾರ ಹೇಳಿದ್ನಾ ಇಲ್ವಾ?”

“ಹೇಳಿದ್ರಿ.”

ಅಪ್ಪ ಮೇಜಿನ ಖಾನೆ ಎಳೆದ. ಗುಲಾಬಿ ಕಟ್ಟು ಮೇಜಿನ ಮೇಲಿರುತ್ತದೆ. ಖಾನೆಯಲ್ಲಿರುವುದು ಮಂಡಳಿಯ ಬಿಳಿ ಹಾಳೆ. ಮೇಜಿನ ಕೆಳಗೆ ಬೆಳೆದವಳಿಗೆ ಆ ಖಾನೆಯ ಕೀರಲು ಚೆನ್ನಾಗಿ ಪರಿಚಯ. ತಾನು ಈಗ ಸುಮ್ಮನಿದ್ದರೆ ಏನಾಗುತ್ತದೆ ಎಂದು ಎಮ್ನಾ ನೋಡಿದಳು, ಬಹಳ ಸ್ಪಷ್ಟವಾಗಿ, ಬೋರ್ಡಿನ ಮೇಲೆ ಬಿಡಿಸಿದ ಲೆಕ್ಕದ ಹಾಗೆ: ಅವನು ಹದಿನೈದು ದಿನ ಹೋಗುತ್ತಾನೆ, ಅವಳು ಚೀಟಿ ತಗೊಂಡು ತರಗತಿಗೆ ಹೋಗುತ್ತಾಳೆ, ಮುಂದಿನ ಸಲ ಸೇತುವೆ ಎದ್ದಾಗ ಅವನು ನೀರು ನೋಡುತ್ತಾ ಏನಾದರೂ ತಮಾಷೆ ಮಾಡುತ್ತಾನೆ. ಆ ತಮಾಷೆಯನ್ನು ತಡೆದುಕೊಳ್ಳುವುದು ತನ್ನಿಂದಾಗದು. ಅವಳು ಸಾಲಿನಿಂದ ಹೊರಗೆ ಬಂದಳು.

“ಏಯ್, ಎಲ್ಲಿಗೆ? ನಿಮ್ಮನೆ ಅಡುಗೆಮನೆ ಕಿಟಕಿ ಅಂದ್ಕೊಂಡ್ಯಾ?” ಖುಲೂದ್.

ವಜ್ದಿಯ ಮೊಣಕೈಯನ್ನು ಸರಿಸಿ ಅವಳು ಸರಳಿಗೆ ಬಗ್ಗಿದಳು. ಅಪ್ಪ ತಲೆಯೆತ್ತಲಿಲ್ಲ.

“ನಿನ್ನ ಸರದಿ ಇನ್ನೂ ಬಂದಿಲ್ಲ.”

“ನನಗೂ ತಡ ಆಯ್ತು.”

“ಕಾರಣ?”

ಎಲ್ಲವನ್ನೂ ಹೇಳಬೇಕೆಂದೇ ಬಂದಿದ್ದಳು. ಆದರೆ ಆ ತೂತು, ಆ ಸರಳು, ಆ ಒಂದು ಪದದ ಪ್ರಶ್ನೆ. ಹಿಂದೆ ನಿಂತ ಹತ್ತು ಜನ. ಬಾಯಿ ತಾನಾಗಿಯೇ ತೆರೆದುಕೊಂಡು, ಈ ಊರಿನ ಬಾಯಿಗಳೆಲ್ಲ ಹೇಳುವುದನ್ನೇ ಹೇಳಿತು.

“ಸೇತುವೆ.”

ಸಾಲು ನಗುವಿನಲ್ಲಿ ಸಿಡಿಯಿತು. ಹಳೇ ಬಂದರಿನ ಹಿಂದೆ, ಶಾಲೆಯಿಂದ ಏಳು ನಿಮಿಷದ ದಾರಿಯಲ್ಲಿ, ಕಾಲುವೆಯ ಈಚೆಗೇ ಮನೆಯಿರುವ ಹುಡುಗಿ. ಆ ಮನೆಯ ಯಜಮಾನನಿಗೇ ಹೇಳಿದ ಕಾರಣ! “ನಿಮ್ಮ ಮಲಗೋ ಕೋಣೆಗೂ ಬಚ್ಚಲಿಗೂ ಮಧ್ಯೆ ಯಾವಾಗ ಕಾಲುವೆ ತೋಡಿದ್ರೇ?” ಎಂದು ಖುಲೂದ್ ಕಿರುಚಿದಳು, ಒಬ್ಬ ಹುಡುಗ ನಗು ತಡೆಯಲಾರದೆ ಗೋಡೆ ಹಿಡಿದುಕೊಂಡ. ಎಮ್ನಾಳ ಕಿವಿ, ಕೆನ್ನೆ, ಕತ್ತು ಉರಿಯಿತು. ನೆಲ ಬಿರಿಯಲಿ ಎಂದುಕೊಂಡಳು. ಹಾಗೆಂದುಕೊಳ್ಳುತ್ತಿರುವಾಗಲೇ ಇನ್ನೊಂದು ಗಮನಕ್ಕೆ ಬಂತು: ಈ ನಗು ಬೇರೆ. ಇಷ್ಟು ವರ್ಷ ಅವಳ ಬೆನ್ನ ಹಿಂದೆ ಕೇಳಿದ್ದು ಬಾಯಿಗೆ ಕೈ ಅಡ್ಡ ಹಿಡಿದ ನಗು. ಇದು ಹಲ್ಲು ಬಿಟ್ಟದ್ದು, ಮುಖಕ್ಕೇ ಎಸೆದದ್ದು, ತಮ್ಮವರೇ ಜಾರಿಬಿದ್ದಾಗ ನಗುವಂಥದ್ದು. ವಜ್ದಿ ಬಾಯಿ ಕಚ್ಚಿಕೊಂಡು ಭುಜ ಅಲುಗಿಸುತ್ತಿದ್ದ. ಅವಳಿಗೂ ತಡೆಯಲಾಗಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡು ನಕ್ಕಳು, ಅಪ್ಪನ ಎದುರಿಗೇ.

ಅಪ್ಪ ನಗು ನಿಲ್ಲುವವರೆಗೂ ಕಾದ.

“ಇಬ್ಬರದ್ದೂ ಒಂದೇ ಕಾರಣ. ಒಂದೇ ಸುಳ್ಳು. ಒಬ್ಬನ್ನ ಮಂಡಳಿಗೆ ಕಳಿಸಿದ್ರೆ ಇನ್ನೊಬ್ಬಳನ್ನೂ ಕಳಿಸ್ಬೇಕು.”

“ಕಳಿಸಿ,” ಎಂದಳು. ನಗುವಿನಿಂದ ಇನ್ನೂ ಏದುಸಿರು. “ಇಲ್ಲ, ತಡೀರಿ. ಸೇತುವೆ ಏಳ್ಲೇ ಇಲ್ಲ. ಏಳತ್ತೆ ಅಂತ ಕಾಯ್ತಿದ್ವಿ. ನಾವಿಬ್ರೂ. ಏಳ್ದೇ ಇದ್ರೂ ಅಲ್ಲೇ ಇದ್ವಿ. ಅಮ್ಮನಿಗೆ ಲೆಕ್ಕದ ಪಾಠ ಅಂದೆ, ಅದೂ ಸುಳ್ಳು. ಇವನು ನನ್ನ ಹೆಸರು ಹೇಳ್ಬಾರ್ದು ಅಂತ ಹೀಗೆ ಹೇಳ್ದ.”

ಹಿಂದೆ ಯಾರೋ “ಅಯ್ಯೋ ದೇವ್ರೇ” ಎಂದು ಉಸಿರೆಳೆದರು. ಅಪ್ಪ ಮೊದಲ ಸಲ ತಲೆಯೆತ್ತಿ ಅವಳನ್ನು ನೋಡಿದ. ಆ ಮುಖದಲ್ಲಿ ಕೋಪ ಹುಡುಕಿದಳು. ಇತ್ತು, ಆದರೆ ಅಂಗಡಿ ಮುಚ್ಚುವ ಹೊತ್ತಿಗೆ ಉಳಿದ ತರಕಾರಿಯಷ್ಟು.

“ನೀನು ಹೇಳಯ್ಯ,” ವಜ್ದಿಗೆ. “ಮೊದಲಿಂದ. ಏನು ಕಾರಣ?”

ಎರಡು ವರ್ಷದಲ್ಲಿ ಆ ಕಿಟಕಿಯಲ್ಲಿ ಒಂದೇ ಪದ ಉಪಯೋಗಿಸಿದ್ದ ವಜ್ದಿ ಇನ್ನೊಂದಕ್ಕಾಗಿ ತಡಕಾಡಿದ. ಅವನ ಕುತ್ತಿಗೆ ಕೆಂಪಾಯಿತು. ಅವನೂ ಕೆಂಪಾಗುತ್ತಾನೆಂದು ಅವಳಿಗೆ ಗೊತ್ತಿರಲಿಲ್ಲ.

“ಮಾತಾಡ್ತಿದ್ವಿ, ಸಿ ಮೊಂಜಿ.”

“ಒಂದು ಗಂಟೆ?”

“ಹೂಂ.”

“ಏನು ಮಾತು ಅಷ್ಟೊಂದು?”

ವಜ್ದಿ ಅವಳ ಕಡೆ ನೋಡಿದ. ಮತ್ತೆ ಅಪ್ಪನ ಕಡೆ. ನಿಜಕ್ಕೂ ಯೋಚಿಸಿದ.

“ಜ್ಞಾಪಕ ಇಲ್ಲ, ಸಿ ಮೊಂಜಿ.”

ಅಪ್ಪ ಬಿಳಿ ಹಾಳೆಯನ್ನು ಎರಡಾಗಿ ಹರಿದು ಬುಟ್ಟಿಗೆ ಹಾಕಿದ. “ನಂಬ್ತೀನಿ,” ಎಂದ. “ಎರಡು ಸಲ ಹಾರ್ನ್ ಹೊಡ್ದೆ. ಹಸಿರು ಕೋಟಿನ ಪಕ್ಕಕ್ಕೇ ಕಾರು ನಿಲ್ಸಿ ಹೊಡ್ದೆ. ಹಿಂದೆ ಇದ್ದ ಬಸ್ಸಿನೋನು ನನಗೇ ಬೈದ. ನೀವಿಬ್ರೂ ತಿರುಗಿ ಕೂಡ ನೋಡ್ಲಿಲ್ಲ.” ಗುಲಾಬಿ ಚೀಟಿ ಎಳೆದುಕೊಂಡ. ಕಾರಣ ಎಂಬ ಗೆರೆಯ ಮೇಲೆ ‘ಮಾತು’ ಎಂದು ಬರೆದ; ಇನ್ನೊಂದು ಚೀಟಿಯ ಮೇಲೂ ಅದನ್ನೇ ಬರೆದ. ಮೊಹರು ಎರಡು ಸಲ ಬಿತ್ತು. “ಕಾರಣ ಇಲ್ದೆ ತಡ ಮಾಡ್ದೋರು ನಾಳೆ ಎಂಟಕ್ಕೆ ಮನೆಯೋರನ್ನ ಕರ್ಕೊಂಡು ಬರ್ಬೇಕು. ನೀನು ನಿಮ್ಮ ತಾಯಿನ. ನೀನು ನಿಮ್ಮಪ್ಪನ್ನ.”

“ಅಪ್ಪಾ...”

“ಈ ಕಿಟಕಿಯಲ್ಲಿ ಅಪ್ಪ ಯಾರೂ ಇಲ್ಲ. ಅವರನ್ನ ಕರ್ಕೊಂಡು ಬಾ. ಮಗಳು ಹೀಗೆ ಮಾಡಿದ್ದಕ್ಕೆ ಅವರೇನು ಹೇಳ್ತಾರೋ ನಾನೂ ಕೇಳ್ಬೇಕು. ಮುಂದಿನೋರು!”

ಮೊದಲ ಪಾಠ ತಪ್ಪಿದವರು ಎರಡನೆಯದು ಶುರುವಾಗುವವರೆಗೂ ಕೂರುವ ಕೋಣೆ ಪಕ್ಕದಲ್ಲೇ ಇತ್ತು. ಎಷ್ಟು ಸಲ ಅದರ ಮುಂದೆ ಓಡಾಡಿದ್ದಳು, ಒಳಗೆ ಕಾಲಿಟ್ಟಿರಲಿಲ್ಲ. ಒಳಗೆ ಬಿಸಿಲಿತ್ತು. ಮುರಿದ ಬೆಂಚುಗಳು, ಕಿತ್ತಳೆ ಸಿಪ್ಪೆಯ ವಾಸನೆ, ಹೀಟರಿನ ಮೇಲೆ ಒಣಗಲು ಹಾಕಿದ ಯಾರದೋ ಕಾಲುಚೀಲ. ವಜ್ದಿ ತನ್ನದೇ ಎನ್ನುವ ಹಾಗೆ ಕಿಟಕಿಯ ಪಕ್ಕದ ಬೆಂಚಿಗೆ ಹೋಗಿ, ಅವಳಿಗೆ ಜಾಗ ಇದೆಯೋ ಇಲ್ಲವೋ ಎಂದು ತಿಳಿಯದ ಹಾಗೆ ಅರ್ಧಕ್ಕೆ ಕೂತ. ಅವಳು ಬಾಗಿಲಲ್ಲೇ ನಿಂತಳು. ಅಷ್ಟರಲ್ಲಿ ಚೀಟಿ ಹಿಡಿದು ಉಳಿದವರೆಲ್ಲ ಒಳಗೆ ನುಗ್ಗಿದರು. ಖುಲೂದ್ ಮೇಜಿನ ಮೇಲೆ ಹತ್ತಿ ಕೂತು ಕಾಲು ಇಳಿಬಿಟ್ಟಳು.

“ಇಲ್ಲಿ ಒಂದು ಪದ್ಧತಿ ಇದೆ, ಸಿ ಮೊಂಜಿ ಮಗಳೇ. ಹೊಸಬರು ಎದ್ದು ನಿಂತು ಯಾಕೆ ತಡ ಆಯ್ತು ಅಂತ ಹೇಳ್ಬೇಕು. ನಾವು ಅಂಕ ಹಾಕ್ತೀವಿ.”

“ಈಗಷ್ಟೇ ಹೇಳಿದ್ನಲ್ಲ.”

“ಅದು ನಿಜ. ನಿಜಕ್ಕೆ ಇಲ್ಲಿ ಸೊನ್ನೆ. ನಿಜ ಅಲ್ಲಿ ಕಿಟಕಿಯಲ್ಲಿ ಬಿಟ್ಟು ಬರ್ಬೇಕು.” ಖುಲೂದ್ ಕಿತ್ತಳೆಯ ತೊಳೆಯೊಂದನ್ನು ಬಾಯಿಗೆ ಹಾಕಿಕೊಂಡಳು. “ಹೂಂ, ಶುರು ಮಾಡು. ಚೆನ್ನಾಗಿರೋ ಸುಳ್ಳು ಹೇಳು. ಇಲ್ಲಿ ಯಾರೂ ಹೋಗಿ ಚಾಡಿ ಹೇಳಲ್ಲ.”

ಕೊನೆಯ ಮಾತು ಎಲ್ಲಿ ತಾಗಬೇಕೋ ಅಲ್ಲೇ ತಾಗಿತು. ತಾಗಿದ ಜಾಗದಲ್ಲಿ ನೋವಿಗಿಂತ ಬೇರೆ ಏನೋ ಇತ್ತು, ಹಳೇ ಗಾಯ ಒಣಗುವಾಗ ಬರುವ ನವೆಯಂಥದ್ದು. ಹತ್ತು ಮುಖಗಳು ಅವಳ ಕಡೆ ತಿರುಗಿದ್ದವು. ಯಾರೂ ಹವಾಮಾನದ ಮಾತೆತ್ತಲಿಲ್ಲ. ಎಮ್ನಾ ನೆಟ್ಟಗೆ ನಡೆದುಹೋಗಿ, ಎಲ್ಲರೂ ನೋಡುತ್ತಿರುವಂತೆಯೇ, ವಜ್ದಿ ಬಿಟ್ಟಿದ್ದ ಅರ್ಧ ಬೆಂಚಿನ ಮೇಲೆ ಚೀಲ ಇಟ್ಟಳು. ಕೂರಲಿಲ್ಲ. ಚೀಲದ ಪಕ್ಕ ಕೈಯೂರಿ ನಿಂತು, ಮುಂದೇನು ಹೇಳಲಿದ್ದೇನೆ ಎಂದು ತನಗೇ ಗೊತ್ತಿಲ್ಲದೆ, ಜೀವನದಲ್ಲಿ ಮೊದಲ ಸಲ ಉತ್ತರ ಗೊತ್ತಿಲ್ಲದೆಯೇ ಬಾಯಿ ತೆರೆದಳು.

“ಬೆಳಿಗ್ಗೆ ಎದ್ದು ನೋಡ್ತೀನಿ, ನಮ್ಮ ಮಹಡಿ ಮೆಟ್ಟಿಲ ಮೇಲೆ ಒಂದು ಒಂಟೆ ಮಲಗಿದೆ.”

“ಹಳೇದು,” ಅಂದ ಒಬ್ಬ.

“ಬಾಯಿ ಮುಚ್ಚೋ. ಹೇಳ್ಲಿ ಅವಳು.”

“ನಾನೂ ಹಳೇ ಕತೆ ಅಂದ್ಕೊಂಡು ದಾಟಿ ಹೋಗೋಕೆ ನೋಡ್ದೆ. ಅದು ಕಣ್ಣು ಬಿಟ್ಟು, ‘ಚೀಟಿ ಎಲ್ಲಿ?’ ಅಂತು.”

ನಗು ಎದ್ದಿತು. ನಡುಗೋಡೆಯ ಆಚೆ ಅಪ್ಪ ಒಂದು ಸಲ ಕೆಮ್ಮಿದ. ಅದರಿಂದ ನಗು ಇನ್ನೂ ಜೋರಾಯಿತು. ಎಮ್ನಾ ಪಕ್ಕಕ್ಕೆ ನೋಡಿದಳು. ವಜ್ದಿ ಬಾಯಿ ತೆರೆದುಕೊಂಡು ಕೂತಿದ್ದ. ಇಷ್ಟು ವರ್ಷ ಒಂದೇ ಒಂದು ಸುಳ್ಳನ್ನು ತೊಳೆದು ಒಣಗಿಸಿ ಮತ್ತೆ ಮತ್ತೆ ಹಾಕಿಕೊಂಡು ಬಂದ ಬಡಪಾಯಿ. ಸುಳ್ಳು ಹೀಗೂ ಇರಬಹುದೆಂದು ಅವನಿಗೆ ಯಾರೂ ತೋರಿಸಿಯೇ ಇರಲಿಲ್ಲ.

“ಆಮೇಲೆ?” ಅಂದ ವಜ್ದಿ. ಶಾಲೆಯೊಳಗೆ, ಎಲ್ಲರ ಎದುರಿಗೆ, ಜೋರಾಗಿ.